ರಕ್ತಕ್ಕೆ ತಾಗುವ ನೀರು

ಕೊಳಾಯಿ ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ತೆರೆದಿಟ್ಟರೆ ಬ್ಲೀಚಿಂಗ್ ಪೌಡರ್ ವಾಸನೆ ಹೋಗುತ್ತೆ, ಬೆಳಿಗ್ಗೆ ಮೀನಿಗೆ ಹಾಕಬಹುದು. ಊರಲ್ಲಿ ಮೀನು ಸಾಕಿದವರಿಗೆಲ್ಲ ಗೊತ್ತಿರೋ ಉಪಾಯ ಇದು, ತಪ್ಪೂ ಅಲ್ಲ. ನಮ್ಮ ಕಡೆ ನೀರಿಗೆ ಸಾಮಾನ್ಯವಾಗಿ ಬೆರೆಸೋದು ಕ್ಲೋರಿನ್. ಅದು ಗಾಳಿಗೆ ಹಾರಿಹೋಗುತ್ತೆ.

ನಾನಿರುವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಉಪಾಯ ನಡೆಯಲ್ಲ. ಇಲ್ಲಿಗೆ ನೀರು ಬರೋದು ಬಹುಪಾಲು ಸಿಯೆರಾ ನೆವಾಡಾ ಬೆಟ್ಟಗಳ ಹೆಚ್ ಹೆಚಿ ಜಲಾಶಯದಿಂದ. ಅಷ್ಟು ದೂರದ ಪೈಪಿನ ಕೊನೆಯವರೆಗೂ ನೀರು ಕೆಡದೆ ಉಳಿಯಬೇಕು. ಹಾಗಾಗಿ 2004ರಲ್ಲಿ ಇಲ್ಲಿನವರು ಕ್ಲೋರಿನ್ ಬಿಟ್ಟು ಕ್ಲೋರಮೈನ್‌ಗೆ ಬಂದರು. ಕ್ಲೋರಿನ್ ಜೊತೆ ಸ್ವಲ್ಪ ಅಮೋನಿಯ ಸೇರಿದರೆ ಕ್ಲೋರಮೈನ್. ಅದು ನಿಧಾನಿ, ಆದರೆ ಗಟ್ಟಿಗ. ಕ್ಲೋರಿನ್‌ನಿಂದ ಹುಟ್ಟುವ ಕೆಲವು ಬೇಡದ ರಾಸಾಯನಿಕಗಳೂ ಇದರಲ್ಲಿ ಕಡಿಮೆ. ಕುಡಿಯೋರಿಗೆ ಒಳ್ಳೇದೇ. ಆದರೆ ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟರೂ ಅದು ಜಗ್ಗಲ್ಲ.

ನಮ್ಮನೆ ಹಾಲ್‌ನಲ್ಲಿ 150 ಲೀಟರಿನ ಸಮುದ್ರದ ನೀರಿನ ತೊಟ್ಟಿ ಇದೆ. ಎರಡು ಕ್ಲೌನ್ ಮೀನು, ಒಂದು ಸೀಗಡಿ, ಏಳೆಂಟು ಹವಳ. ವಾರಕ್ಕೆ ಹದಿನೈದು ಲೀಟರ್ ನೀರು ಬದಲಾಯಿಸಬೇಕು, ಆವಿಯಾಗಿ ಹೋದದ್ದನ್ನು ದಿನಾ ತುಂಬಬೇಕು. ಅಂಗಡಿಯಿಂದ ಉಪ್ಪು ತರಬಹುದು, ನೀರು ಮಾತ್ರ ಕೊಳಾಯಿಯದ್ದೇ. ಮೀನಿನ ಅಂಗಡಿಯ ಹಿರಿಯರೊಬ್ಬರು ತೊಟ್ಟಿ ಮಾರುವ ಮೊದಲೇ ಕೇಳಿದ್ದರು, "ನೀರಿಗೆ ಏನು ಮಾಡ್ತೀರಿ?" ಅಂತ. ಅವತ್ತಿನಿಂದ ನೀರೇ ನನ್ನ ಹವ್ಯಾಸದ ದೊಡ್ಡ ಪಾಲು.

ಈ ವಿಷಯ ಅಪ್ಪನ ಜೊತೆ ಮಾತಾಡುವ ಹೊತ್ತಿಗೆ ಮೈಸೂರಿನಲ್ಲಿ ಅವರಿಗೆ ಡಯಾಲಿಸಿಸ್ ಶುರುವಾಗಿ ಮೂರು ತಿಂಗಳಾಗಿತ್ತು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಆ ವರ್ಷ ಅವರು ಇಲ್ಲಿಗೆ ಬರೋದಿತ್ತು. ಟಿಕೆಟ್ ರದ್ದಾಯಿತು. ಫೋನಿನಲ್ಲಿ "ಹೇಗಿದೀರಪ್ಪಾ" ಅಂದರೆ "ಇದೀನಮ್ಮ", ಅಷ್ಟೇ. ಸಂಕಟದ ವಿಷಯ ಅವರು ಎತ್ತಲ್ಲ, ನನಗೂ ಕೇಳೋಕೆ ಧೈರ್ಯ ಇಲ್ಲ. ಹಾಗಾಗಿ ವಿಡಿಯೋ ಕಾಲ್‌ನಲ್ಲಿ ಮೀನು ತೋರಿಸ್ತಿದ್ದೆ.

ಒಂದು ದಿನ ನಾನು ಕ್ಯಾಬಿನೆಟ್ ಕೆಳಗಿನ ಫಿಲ್ಟರ್ ಸಾಲನ್ನು ಒಂದೊಂದಾಗಿ ತೋರಿಸಿದೆ. ಮೊದಲು ಮಣ್ಣು, ತುಕ್ಕು ಹಿಡಿಯೋ ಫಿಲ್ಟರ್. ಆಮೇಲೆ ಇದ್ದಿಲಿನ ಎರಡು ಫಿಲ್ಟರ್. ಆಮೇಲೆ ಆರ್‌ಒ, ಕೊನೆಗೆ ಡಿಐ ರೆಸಿನ್. ಅಪ್ಪ ಸುಮ್ಮನೆ ನೋಡಿ, "ಪುಟ್ಟೀ, ಇದು ನನ್ನ ಮೆಷಿನ್ ಅಲ್ವೇನೇ?" ಅಂದರು.

ಡಯಾಲಿಸಿಸ್ ಸೆಂಟರಿನ ಹಿಂದಿನ ಕೋಣೆಯಲ್ಲಿ ಟೆಕ್ನಿಶಿಯನ್ ಹುಡುಗ ಅವರಿಗೆ ತೋರಿಸಿದ್ದನಂತೆ. ಅಲ್ಲೂ ಒಂದರ ಹಿಂದೆ ಒಂದು ಇದ್ದಿಲಿನ ಟ್ಯಾಂಕ್, ಆಮೇಲೆ ಆರ್‌ಒ. ನಾನು ಲೆಕ್ಕ ಹಾಕಿದೆ. ಡಯಾಲಿಸಿಸ್ ಯಂತ್ರದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಹರಿಯುತ್ತೆ. ನಾಲ್ಕು ಗಂಟೆಗೆ 120 ಲೀಟರ್, ವಾರಕ್ಕೆ 360. ನಾವು ವಾರವಿಡೀ ಕುಡಿಯೋದು ಹದಿನೈದು ಲೀಟರ್ ಇದ್ದೀತು. ಕುಡಿದ ನೀರಿನ ಕ್ಲೋರಮೈನ್ ಹೊಟ್ಟೆಯಲ್ಲೇ ಮುರಿದುಹೋಗುತ್ತೆ. ಡಯಾಲಿಸಿಸ್‌ನಲ್ಲಿ ನೀರಿಗೂ ರಕ್ತಕ್ಕೂ ನಡುವೆ ತೆಳು ಪೊರೆ ಮಾತ್ರ. ಕ್ಲೋರಮೈನ್ ದಾಟಿದರೆ ಕೆಂಪು ರಕ್ತಕಣ ಒಡೆಯುತ್ತವೆ. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂವರೆಗೆ ಕ್ಲೋರಮೈನ್ ಇರಬಹುದು, ಡಯಾಲಿಸಿಸ್ ನೀರಿನಲ್ಲಿ ಒಟ್ಟು ಕ್ಲೋರಿನ್ 0.1 ದಾಟಬಾರದು. ನಲವತ್ತು ಪಟ್ಟು ಬಿಗಿ. ಮೀನಿಗೂ ಇದೇ ಕಥೆ. ಕಿವಿರಿನ ಪೊರೆ ದಾಟಿ ಅದು ನೇರ ರಕ್ತಕ್ಕೆ ಹೋಗುತ್ತೆ, ರಕ್ತಕ್ಕೆ ಆಮ್ಲಜನಕ ಹೊರೋಕೆ ಆಗಲ್ಲ. ಹವಳಕ್ಕೆ ರಕ್ತವಿಲ್ಲ, ಆದರೆ ಅದರ ಮೆತ್ತನೆ ಮೈ ಪೂರ್ತಿ ನೀರಿಗೇ ತೆರೆದಿರುತ್ತೆ.

ಅವತ್ತಿನಿಂದ ನಮಗೆ ಮಾತಾಡೋಕೆ ವಿಷಯ ಸಿಕ್ಕಿತು. ನನ್ನ ತೊಟ್ಟಿಯ ನೆಪದಲ್ಲಿ ಅವರ ಚಿಕಿತ್ಸೆಯ ಬಗ್ಗೆ ಕೇಳಬಹುದಿತ್ತು. ಅವರೂ ಮಗಳಿಗೆ ಪಾಠ ಹೇಳಿದ ಹಾಗೆ ಹೇಳ್ತಿದ್ದರು. ಎಲ್ಲಿ ನೋವು, ಯಾವತ್ತು ಬಿ.ಪಿ. ಇಳಿಯಿತು, ಪಕ್ಕದ ಹಾಸಿಗೆಯವರು ಯಾಕೆ ಬರಲಿಲ್ಲ, ಎಲ್ಲ.

ಕ್ಲೋರಮೈನ್ ಇರುವ ಊರಲ್ಲಿ ಹವಳ ಸಾಕೋ ಆಸೆ ಇದ್ದವರಿಗೆ ನಾನು ಕಲಿತದ್ದು ಇಷ್ಟು. ಕೆಲಸ ಮಾಡೋದು ಇದ್ದಿಲು, ಅದೂ ನಿಧಾನವಾಗಿ. ಮಾಮೂಲಿ ಇದ್ದಿಲಿಗಿಂತ ಕ್ಯಾಟಲಿಟಿಕ್ ಕಾರ್ಬನ್ ಚುರುಕು. ನೀರು ಜೋರಾಗಿ ಹರಿದರೆ ಎರಡೂ ಸೋಲ್ತವೆ, ಎರಡು ಫಿಲ್ಟರ್ ಸಾಲಾಗಿ ಇಡೋದು ಅದಕ್ಕೇ. ಇದ್ದಿಲು ಕ್ಲೋರಮೈನ್ ಮುರಿದಾಗ ಅಮೋನಿಯ ಉಳಿಯುತ್ತೆ. ಅದರಲ್ಲಿ ಹೆಚ್ಚಿನದನ್ನು ಆರ್‌ಒ ತಡೆಯುತ್ತೆ, ಮಿಕ್ಕಿದ್ದನ್ನು ರೆಸಿನ್ ಹಿಡಿಯುತ್ತೆ. ಅದಕ್ಕೇ ಇಂಥ ಊರಲ್ಲಿ ರೆಸಿನ್ ಬೇಗ ಮುಗಿಯುತ್ತೆ. ಕೆಲವು ಸೀಸೆಗಳಲ್ಲಿ ಬರೋ ಸೋಡಿಯಂ ಥಯೋಸಲ್ಫೇಟ್ ಹನಿ ಮಾತ್ರ ಹಾಕಿದರೆ ಕ್ಲೋರಿನ್ ಹೋಗಿ ಅಮೋನಿಯ ಉಳಿಯುತ್ತೆ. ಸಮುದ್ರದ ನೀರಿನ ಪಿಎಚ್ 8ರ ಮೇಲೆ, ಅಲ್ಲಿ ಅಮೋನಿಯ ಇನ್ನೂ ವಿಷ.

ಇನ್ನೊಂದು ಮಾತು. ಟಿಡಿಎಸ್ ಮೀಟರ್ ಸೊನ್ನೆ ತೋರಿಸಿತು ಅಂತ ನಂಬಬೇಡಿ. ಅದು ಅಳೆಯೋದು ವಿದ್ಯುತ್ ಹರಿಸುವ ಲವಣಗಳನ್ನು, ಕ್ಲೋರಮೈನ್ ಅದರ ಕಣ್ಣಿಗೆ ಬೀಳಲ್ಲ. ಟೆಸ್ಟ್ ಕಿಟ್ ತಗೊಳ್ಳುವಾಗ ಫ್ರೀ ಕ್ಲೋರಿನ್ ಅಲ್ಲ, ಟೋಟಲ್ ಕ್ಲೋರಿನ್ ಅಂತ ಬರೆದಿರೋದನ್ನೇ ತಗೊಳ್ಳಿ. ಆರ್‌ಒದಿಂದ ಹೊರಗೆ ಹೋಗುವ ನೀರನ್ನೇ ಲೋಟಕ್ಕೆ ಹಿಡಿದು ಪರೀಕ್ಷಿಸಿ. ಅದು ಇದ್ದಿಲು ದಾಟಿ ಬಂದ ನೀರು. ಅಲ್ಲಿ ಬಣ್ಣ ಬಂತು ಅಂದರೆ ಇದ್ದಿಲು ಬದಲಾಯಿಸೋ ಹೊತ್ತು. ಆಮೇಲೆ ಆ ನೀರನ್ನು ಚೆಲ್ಲಬೇಡಿ. ಒಂದು ಬಕೆಟ್ ಒಳ್ಳೆ ನೀರಿಗೆ ಮೂರು ಬಕೆಟ್ ಹೊರಗೆ ಹೋಗುತ್ತೆ. ನಮ್ಮನೆಯಲ್ಲಿ ಅದರಲ್ಲೇ ನೆಲ ಒರೆಸ್ತೀವಿ.

ಅಪ್ಪ ಇಲ್ಲಿಗೆ ಬರೋದು ಕಷ್ಟ, ನಮ್ಮಿಬ್ಬರಿಗೂ ಗೊತ್ತು. ರಜೆ ಕೂಡಿಸಿಕೊಂಡು ನಾನೇ ಹೋಗಿಬರ್ತೀನಿ. ಹೋದ ಸಲ ಸೆಂಟರಿನ ಆ ಹಿಂದಿನ ಕೋಣೆ ನೋಡಿದೆ. ಗೋಡೆಯ ಮೇಲೆ ನೀರಿನ ಪರೀಕ್ಷೆಯ ಪಟ್ಟಿ, ಪ್ರತಿ ಪಾಳಿಗೂ ಒಂದು ಸಹಿ. ನೀರನ್ನು ಅಷ್ಟು ಜೋಪಾನವಾಗಿ ನೋಡಿಕೊಳ್ಳುವ ಆ ಹುಡುಗನಿಗೆ ಕೈ ಮುಗಿದೆ. ಅವನು ನಾಚಿಕೊಂಡ. ಈಗ ಪ್ರತಿ ಭಾನುವಾರ ನಾನು ನೀರು ಬದಲಾಯಿಸೋ ಹೊತ್ತಿಗೆ ಅಪ್ಪನ ಫೋನ್ ಬರುತ್ತೆ. "ಟೆಸ್ಟ್ ಮಾಡಿದ್ಯಾ?" ಅಂತಾರೆ. "ಮಾಡ್ದೆ ಅಪ್ಪಾ. ಅಲ್ಲಿ ಮಾಡಿದ್ರಾ?" ಅಂತ ನಾನು ಕೇಳ್ತೀನಿ.