ಅಜ್ಜಿಯ ಸೀರೆ ಕಲಿಸಿದ ವಿದ್ಯೆ

ಹಳೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿದು ಉಡುವುದು ನಮ್ಮ ಹಿರಿಯರಿಗೆ ದಿನನಿತ್ಯದ ಮಾತಾಗಿತ್ತು. ಇಂದು ವಸ್ತ್ರವಿನ್ಯಾಸದ ತರಗತಿಗಳಲ್ಲಿ ಅದೇ ಒಂದು ಪಾಠವಾಗಿದೆ. ಕೊಡೈಕಾನಲಿನಲ್ಲಿದ್ದು ಈ ವಿದ್ಯೆಯನ್ನು ಕಲಿಯುತ್ತಿರುವ ನಾವು ಅಕ್ಕತಂಗಿಯರು ಆ ಪಾಠದಿಂದ ಪಡೆದುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ನಮ್ಮ ಹಿರಿಯರ ಮನೆ ದಿಂಡಿಗಲ್ಲಿನ ಸಮೀಪದ ಚಿನ್ನಾಳಪಟ್ಟಿಯಲ್ಲಿದೆ. ಮಗ್ಗವನ್ನೇ ನಂಬಿ ಬಾಳಿದ ದೇವಾಂಗ ಮನೆತನಗಳು ಅಲ್ಲಿ ಅನೇಕ. ಬೀದಿಯಲ್ಲಿ ತಮಿಳು, ಮಗ್ಗದ ಬಳಿ ಕನ್ನಡ. ಹೀಗೆ ನಮ್ಮ ಮನೆಯವರ ಬದುಕು ಎರಡು ನುಡಿಗಳಲ್ಲಿ ಸಾಗಿಬಂದಿದೆ. ಅಜ್ಜ ತೀರಿಕೊಂಡ ಮೇಲೆ ಮನೆಯ ಮಗ್ಗ ನಿಂತಿತು. ಅವರು ಕೊನೆಯದಾಗಿ ನೆಯ್ದ ನೂಲಿನ ಸೀರೆಯನ್ನು ಅಜ್ಜಿ ಹಲವು ವರ್ಷ ಉಟ್ಟು, ಅದು ಸವೆದ ಮೇಲೆ ಒಗೆದು ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು.

ತರಗತಿಯಲ್ಲಿ ನಮಗೆ ಕೊಟ್ಟ ಕೆಲಸ ಇಷ್ಟೇ: ಮನೆಯ ಹಳೆಯ ಬಟ್ಟೆಯಿಂದ ಈ ಊರಿಗೆ ತಕ್ಕ ಒಂದು ಉಡುಪನ್ನು ಮಾಡಬೇಕು, ದಾರದ ಹೊರತು ಹೊಸದೇನನ್ನೂ ಕೊಳ್ಳಬಾರದು. ಕೊಡೈಕಾನಲ್ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಬಯಲುಸೀಮೆಯ ಬಿಸಿಲಿಗೆಂದು ನೆಯ್ದ ತೆಳು ಸೀರೆಯಿಂದ ಇಲ್ಲಿನ ಚಳಿಗೊಂದು ಕೋಟು ಹೊಲಿಯಬೇಕೆಂದು ನಾವು ನಿಶ್ಚಯಿಸಿದೆವು.

ತಂದೆಯವರು ಒಪ್ಪಲಿಲ್ಲ. “ಅಪ್ಪ ನೆಯ್ದ ಕೊನೆಯ ಸೀರೆ, ಅದಕ್ಕೆ ಕತ್ತರಿ ಇಡಬೇಡಿ” ಎಂದರು. ಆದರೆ ಅಜ್ಜಿಯೇ ಸೀರೆಯನ್ನು ತಂದು ನಮ್ಮ ಕೈಗಿತ್ತರು. “ಪೆಟ್ಟಿಗೆಯಲ್ಲಿದ್ದರೆ ಹುಳು ತಿನ್ನುತ್ತದೆ. ಮೈಮೇಲಿದ್ದರೆ ನಾಲ್ಕು ಜನ ನೋಡುತ್ತಾರೆ. ಅಂಚನ್ನು ಮಾತ್ರ ತುಂಡರಿಸಬೇಡಿರಮ್ಮ, ಅವರ ಕಣ್ಣು ಸೋತದ್ದು ಅದಕ್ಕೇ” ಎಂದರು.

ಆ ಒಂದು ನಿಬಂಧನೆಯಿಂದಲೇ ನಮ್ಮ ಕಲಿಕೆ ಆರಂಭವಾಯಿತು. ಹೊಸ ಬಟ್ಟೆಯಾದರೆ ಮೊದಲು ಚಿತ್ರ ಬರೆದು ಅದರಂತೆ ಕತ್ತರಿಸಬಹುದು. ಇಲ್ಲಿ ಮೊದಲು ಬಟ್ಟೆಯನ್ನು ಪರೀಕ್ಷಿಸಬೇಕಾಯಿತು. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಸೊಂಟಕ್ಕೆ ಸಿಕ್ಕಿಸುವ ಕಡೆ, ಕುಳಿತೆದ್ದು ಸವೆಯುವ ಕಡೆ, ಪಾದಕ್ಕೆ ತಗಲುವ ಕೆಳಭಾಗ, ಇಲ್ಲೆಲ್ಲ ನೂಲು ಜಾಳಾಗಿತ್ತು. ಒಳಸುತ್ತು ಮತ್ತು ಸೆರಗಿನ ಸಮೀಪ ಗಟ್ಟಿಯಾಗಿತ್ತು. ಎರಡು ಹೆಬ್ಬೆರಳುಗಳಿಂದ ಹಾಸಿನುದ್ದಕ್ಕೂ ಹೊಕ್ಕಿನುದ್ದಕ್ಕೂ ಮೆಲ್ಲಗೆ ಎಳೆದು ನೋಡುವುದನ್ನು ಅಜ್ಜಿ ಕಲಿಸಿದರು. ಗಟ್ಟಿಭಾಗವನ್ನು ಹೊರಮೈಗೂ ಜಾಳುಭಾಗವನ್ನು ಒಳಪದರಕ್ಕೂ ಇಟ್ಟು, ಅಂಚನ್ನು ಕತ್ತಿನಿಂದ ಕೆಳಗಿನವರೆಗೆ ಅಖಂಡವಾಗಿ ಇಳಿಬಿಟ್ಟೆವು. ಕೋಟಿನ ರೂಪ ಹೀಗೆ ಸೀರೆಯಿಂದಲೇ ಹುಟ್ಟಿತು.

ಪದರಗಳನ್ನು ಕೂಡಿಸುವ ಕ್ರಮಕ್ಕಾಗಿ ಕರ್ನಾಟಕದ ಕೌದಿಯನ್ನು ಅನುಸರಿಸಿದೆವು. ಸಾಲುಸಾಲಾದ ಸರಳ ಹೊಲಿಗೆಯಿಂದ ಹಳೆಯ ಬಟ್ಟೆಗಳು ಒಂದಾಗುತ್ತವೆ. ಪದರಗಳ ನಡುವೆ ನಿಂತ ಗಾಳಿ ಮೈಯ ಬಿಸಿಯನ್ನು ಉಳಿಸುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ತೊಡಗಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮಡಿಸಿದ ಬಟ್ಟೆಯ ಹೂಗಳನ್ನು ಮೂಲೆಗಳಿಗೆ ಇಡದೆ ಅವರ ಕೌದಿ ಪೂರ್ಣವಾಗದು. ಚಿಂದಿಯಿಂದ ಮಾಡಿದ್ದಕ್ಕೂ ಅಲಂಕಾರ ಬೇಕೆಂಬ ಆ ನಿಷ್ಠೆ ನಮಗೆ ಬಹಳ ಹಿಡಿಸಿತು.

ಕೊರತೆಯಲ್ಲಿ ಕೈಚಳಕ ಬೆಳೆದುದಕ್ಕೆ ಹೊರನಾಡಿನ ನಿದರ್ಶನವೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅದರ ನಂತರವೂ, 1941ರಿಂದ 1949ರವರೆಗೆ, ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿತ್ತು. ಹಳೆಯದನ್ನು ತಿದ್ದಿ ಉಡುವುದು ಹೇಗೆಂದು 1943ರಲ್ಲಿ ಸರಕಾರವೇ ಕಿರುಹೊತ್ತಗೆ ಹೊರಡಿಸಿತು. ಇಂದು ನಮಗೆ ಬಟ್ಟೆಯ ಕೊರತೆಯಿಲ್ಲ, ನೀರಿನ ಕೊರತೆಯಿದೆ. ಒಂದು ಹತ್ತಿಯ ಅಂಗಿಗೆ, ಹೊಲದಿಂದ ಹಿಡಿದು, ಸುಮಾರು 2,700 ಲೀಟರ್ ನೀರು ತಗಲುವುದೆಂಬ ಅಂದಾಜಿದೆ. ನೊಯ್ಯಲ್ ನದಿ ಕೆಟ್ಟುದರಿಂದ ತಿರುಪ್ಪೂರಿನ ಬಣ್ಣಗಾರಿಕೆ ಘಟಕಗಳನ್ನು ಮುಚ್ಚುವಂತೆ ಮದರಾಸು ಉಚ್ಚ ನ್ಯಾಯಾಲಯ 2011ರಲ್ಲಿ ಆಜ್ಞಾಪಿಸಿದುದು ನಮ್ಮ ನೆರೆಯ ಕಥೆಯೇ.

ಆದರೆ ಹಳೆಯ ಬಟ್ಟೆಯೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳಲಾರೆವು. ಆ ಕೋಟಿಗೆ ನಮ್ಮಿಬ್ಬರ ಮೂರು ವಾರಗಳ ಸಂಜೆಗಳು ಹಿಡಿದವು. ಅಷ್ಟು ದುಡಿಮೆಗೆ ನ್ಯಾಯವಾದ ಕೂಲಿ ಕಟ್ಟಿದರೆ ಪೇಟೆಯಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಈ ಕೈಕೆಲಸವನ್ನು ವೃತ್ತಿಯಾಗಿ ಹಿಡಿಯುವವರು ಆ ಲೆಕ್ಕವನ್ನು ಮೊದಲೇ ಹಾಕಬೇಕು. ಮನೆಯ ಮಟ್ಟಿಗಾದರೋ ಇದು ಎಂದೂ ನಷ್ಟದ ಕೆಲಸವಲ್ಲ.

ಕೋಟನ್ನು ಕಂಡ ತಂದೆಯವರು ಏನೂ ಹೇಳಲಿಲ್ಲ. ಅಂಚಿನ ಮೇಲೆ ಬಹಳ ಹೊತ್ತು ಕೈಯಾಡಿಸಿದರು. ಈಗ ಅದನ್ನು ಧರಿಸುವವರು ಅವರೇ.

ಆಡಿ ಮಾಸದ ರಿಯಾಯಿತಿಗೆಂದು ಜವಳಿ ಅಂಗಡಿಗೆ ಹೊರಡುವ ಮುನ್ನ, ಸೋದರಿಯರೇ, ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಆ ಬಟ್ಟೆಯನ್ನು ನೆಯ್ದವರಾರು, ಉಟ್ಟವರಾರು ಎಂದು ತಿಳಿಸಿ. ಶಾಲೆಯಲ್ಲಿ ಕನ್ನಡ ಓದದ ನಮ್ಮ ಮಕ್ಕಳಿಗೆ ಹಾಸು, ಹೊಕ್ಕು, ಅಂಚು, ಸೆರಗು ಎಂಬ ನಾಲ್ಕು ಮಾತುಗಳಾದರೂ ಆ ನೆಪದಲ್ಲಿ ದೊರೆತಾವು.