ಹೊಸ ಕೋವಿಗೆ ಎಷ್ಟು ತೋಟೆ ತಿನ್ನಿಸಬೇಕು?

ಹೊಸ ಚಪ್ಪಲಿ ಕಚ್ಚುತ್ತೆ, ಹೊಸ ಎತ್ತು ನೊಗಕ್ಕೆ ಕೊಸರಾಡುತ್ತೆ, ಒಪ್ಕೋತೀನಿ. ಆದ್ರೆ ಹೊಸ ಕೋವಿಯೂ ಹಾಗೇ ಅಂತ ಅಂಗಡಿಯವನು ಹೇಳಿದಾಗ ನಂಬೋಕೆ ಸ್ವಲ್ಪ ಕಷ್ಟವಾಯ್ತು. "ಒಂದಿನ್ನೂರು ಹೊಡೀರಿ, ತಾನಾಗೇ ಸರಿಹೋಗುತ್ತೆ" ಅಂದ. ನಮ್ಮಜ್ಜ ಹತ್ತು ವರ್ಷಕ್ಕೂ ಇನ್ನೂರು ತೋಟೆ ಖರ್ಚು ಮಾಡಿದ್ದು ನಾನು ನೋಡಿಲ್ಲ ಸ್ವಾಮಿ!

ನಾನು ಕೊಡಗಿನವನು. ಕೋವಿ ಅಂದ್ರೆ ಇಲ್ಲಿನ ಕನ್ನಡ ಗೆಳೆಯರು ಮುಖ ಸಿಂಡರಿಸುತ್ತಾರೆ, ಅದರಲ್ಲೂ ಅಮೆರಿಕದ ಸುದ್ದಿ ದಿನಾ ನೋಡೋರು. ಅವರ ಮೇಲೆ ನನಗೆ ಬೇಸರವಿಲ್ಲ. ನಮ್ಮಲ್ಲಿ ಅದರ ಕಥೆಯೇ ಬೇರೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಈಗಲೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತೀವಿ. ಗಂಡು ಮಗು ಹುಟ್ಟಿದ್ರೆ ಒಂದು ಈಡು, ಮನೆಯಲ್ಲಿ ಸಾವಾದ್ರೆ ಎರಡು. ಸಾವಿನ ಮನೆಯಲ್ಲಿ ಎರಡನೇ ಈಡು ಹಾರದಿದ್ರೆ ಹೇಗಿರುತ್ತೆ ಯೋಚಿಸಿ, ಪಕ್ಕದ ಗುಡ್ಡದವರು ಮಗು ಹುಟ್ಟಿತು ಅಂದ್ಕೋತಾರೆ! ಅಜ್ಜನ ಜೋಡಿ ನಳಿಗೆ ಕೋವಿ ಹಾಗೆ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಡೋಕೆ ಅದರಲ್ಲಿ ಏನಿದೆ ಹೇಳಿ? ಮುರಿ, ಎರಡು ತೋಟೆ ಹಾಕು, ಮುಚ್ಚು.

ಇಲ್ಲಿ ಮಿನ್ನೆಸೋಟದಲ್ಲಿ ನನ್ನ ಮಗಳಿಗೆ ಹದಿನೇಳು. ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿ, ಅಕ್ಟೋಬರ್ ಮೂರನೇ ಶನಿವಾರ ಸೌತ್ ಡಕೋಟದಲ್ಲಿ ಫೆಸೆಂಟ್ ಸೀಸನ್ ಶುರುವಾಗೋ ದಿನಕ್ಕೆ ನಾನೂ ಬರ್ತೀನಿ ಅಂತ ಹಠ ಹಿಡಿದಳು. ಫೆಸೆಂಟ್ ಅಂದ್ರೆ ನಮ್ಮ ಕಾಡುಕೋಳಿಯ ದಾಯಾದಿ, ಚೀನಾ ಕಡೆಯಿಂದ ತಂದು ಬಿಟ್ಟ ಹಕ್ಕಿ. ಹುಂಜ ಮಾತ್ರ ಹೊಡೀಬಹುದು, ಒಬ್ಬರಿಗೆ ದಿನಕ್ಕೆ ಮೂರು. ಇವಳದು ಸಣ್ಣ ಭುಜ, ಒದೆತ ಕಡಿಮೆ ಇರಲಿ ಅಂತ ಗ್ಯಾಸಿನಿಂದ ನಡೆಯೋ ಸೆಮಿ-ಆಟೋಮ್ಯಾಟಿಕ್ ತಗೊಂಡೆ. ಕಂಪನಿ ಯಾವುದು ಅಂತ ಕೇಳಬೇಡಿ, ಹೇಳೋಲ್ಲ.

ಅದು ನಡೆಯೋ ರೀತಿ ಚೆಂದ. ನಳಿಗೆಯಲ್ಲಿ ಸಣ್ಣ ತೂತುಗಳಿರುತ್ತವೆ. ಚರೆ ಅದನ್ನ ದಾಟುವಾಗ ಹಿಂದಿನ ಬಿಸಿ ಗಾಳಿಯಲ್ಲಿ ಒಂದಿಷ್ಟು ಆ ತೂತಲ್ಲಿ ನುಗ್ಗಿ ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಬೋಲ್ಟನ್ನ ಹಿಂದಕ್ಕೆ ದೂಡುತ್ತೆ, ಖಾಲಿ ತೋಟೆ ಆಚೆ ಹಾರುತ್ತೆ, ಸ್ಪ್ರಿಂಗು ಬೋಲ್ಟನ್ನ ವಾಪಸ್ ತಳ್ಳಿ ಹೊಸ ತೋಟೆ ಒಳಗೆ ಕೂರಿಸುತ್ತೆ. ಇಷ್ಟೂ ಕಣ್ಣು ಮಿಟುಕಿಸೋದ್ರೊಳಗೆ. ಹೊಸದರಲ್ಲಿ ಸ್ಪ್ರಿಂಗು ಬಿಗಿ, ಲೋಹದ ಅಂಚು ಒರಟು, ಜೊತೆಗೆ ತುಕ್ಕು ಹಿಡೀಬಾರದು ಅಂತ ಫ್ಯಾಕ್ಟರಿಯವರು ಬಳಿದ ಅಂಟು ಎಣ್ಣೆ. ಹಾಗಾಗಿ ಕಡಿಮೆ ಮದ್ದಿನ ತೋಟೆಗೆ ಬೋಲ್ಟನ್ನ ಪೂರ್ತಿ ಹಿಂದೆ ದೂಡೋ ತಾಕತ್ತು ಸಾಲೋದಿಲ್ಲ. ಊರಲ್ಲಿ ಹೊಸ ಬೈಕನ್ನ ಮೊದಲ ಸಾವಿರ ಕಿಲೋಮೀಟರ್ ನಿಧಾನ ಓಡಿಸ್ತಿದ್ವಲ್ಲ, ಅದೇ ಲೆಕ್ಕ. ಇಲ್ಲಿ ಮಾತ್ರ ಉಲ್ಟಾ, ಮೊದಲು ಜೋರಾಗಿ ಓಡಿಸಬೇಕು, ಅಂದ್ರೆ ಭಾರೀ ತೋಟೆ ಹಾಕಬೇಕು.

ಹಳೇ ಎಣ್ಣೆ ಪೂರ್ತಿ ಒರೆಸಿ, ತೆಳ್ಳಗೆ ಹೊಸದು ಸವರಿ, ರೇಂಜಿಗೆ ಹೋದ್ವಿ. ಮಗಳು ಮಣ್ಣಿನ ಬಿಲ್ಲೆಗೆ ಹೊಡೀತಾ ಹೋದಳು, ನಾನು ಪುಸ್ತಕದಲ್ಲಿ ಬರೀತಾ ಹೋದೆ. ಮೊದಲ ಡಬ್ಬ, 24 ಗ್ರಾಂ ಚರೆಯ ಹಗುರ ತೋಟೆ, 25ರಲ್ಲಿ 5 ಸಲ ಖಾಲಿ ತೋಟೆ ಬಾಗಿಲಲ್ಲೇ ಸಿಕ್ಕಿಕೊಂಡಿತು. ಆಮೇಲೆ 32 ಗ್ರಾಮಿನ ಮೂರು ಡಬ್ಬ: 2, 1, ಸೊನ್ನೆ. ಮತ್ತೆ ಹಗುರದ್ದು ಹಾಕಿ ನೋಡಿದೆ, ಒಂದೇ ಸಲ. ಅಂಗಡಿಯವನ ಮಾತು ನಿಜ ಅಂತ ಒಪ್ಪಲೇಬೇಕಾಯ್ತು.

ಆದ್ರೆ ಆರನೇ ಡಬ್ಬದಲ್ಲಿ ಬೇರೆ ರೋಗ ಶುರುವಾಯ್ತು. ಹೊಟ್ಟೆಯ ಕೊಳವೆಯಿಂದ ಒಂದರ ಬದಲು ಎರಡು ತೋಟೆ ಒಟ್ಟಿಗೆ ನುಗ್ಗಿ, ಬೋಲ್ಟು ಅರ್ಧ ತೆರೆದು, ಎಲ್ಲಾ ಲಾಕ್. ಏಳನೇ ಡಬ್ಬದಲ್ಲಿ ಎರಡು ಸಲ. ಎಲ್ಲಾ ಭಾರೀ ತೋಟೆಯೇ. ಮೊದಲಿನದು ಹೊಡೀತಾ ಕಡಿಮೆಯಾಗ್ತಾ ಬಂದಿತ್ತು, ಇದು ಜಾಸ್ತಿ ಆಗ್ತಿದೆ. ಫೋನ್ ಮಾಡಿದ್ರೆ ಅಂಗಡಿಯವನದು ಅದೇ ಮಂತ್ರ, "ಇನ್ನೊಂದು ನೂರು ಹೊಡೀರಿ". ನನಗೆ ಸಿಟ್ಟು ಬಂತು. ಎಲ್ಲಾದಕ್ಕೂ "ಹೊಸದು, ಪಳಗಲಿ" ಅಂದ್ರೆ ವಾರಂಟಿ ಯಾತಕ್ಕೆ? ತೋಟೆಯನ್ನ ಒಂದೊಂದಾಗಿ ತಡೆದು ಬಿಡಬೇಕಾದ ಕೊಕ್ಕೆಯೇ ಸರಿಯಿಲ್ಲದಿದ್ರೆ ಅದು ಉಜ್ಜಿ ಉಜ್ಜಿ ಸರಿಹೋಗೋ ಜಾತಿಯದಲ್ಲ.

ಇನ್ನೊಂದು ವಿಷಯ. ಸಿಕ್ಕಿಕೊಂಡ ಕೋವಿ ಖಾಲಿ ಕೋವಿ ಅಲ್ಲ. ರೇಂಜಿನಲ್ಲಿ ಎದುರಿಗೆ ಮಣ್ಣಿನ ದಿಬ್ಬ ಇರುತ್ತೆ, ಮೂತಿ ಅತ್ತ ಹಿಡಿದು ಸಾವಕಾಶ ಬಿಡಿಸಬಹುದು. ಜೋಳದ ಹೊಲದಲ್ಲಿ ಎಡಕ್ಕೆ ನಾಲ್ಕು ಜನ, ಬಲಕ್ಕೆ ನಾಲ್ಕು ಜನ, ಮುಂದೆ ನಾಯಿ, ಕೈ ಮರಗಟ್ಟೋ ಚಳಿ. ಅಲ್ಲಿ ನನ್ನ ಮಗಳು ಜೀವಂತ ತೋಟೆ ಕಚ್ಚಿಕೊಂಡ ಬೋಲ್ಟನ್ನ ಎಳೀತಾ ನಿಲ್ಲೋದು ಬೇಡ ಅನ್ನಿಸಿತು.

"ಅಪ್ಪಾ, ಮೂರೇ ಸಲ ತಾನೇ? ಅಲ್ಲಿ ಎರಡೇ ತೋಟೆ ಹಾಕ್ಕೋತೀನಿ" ಅಂತ ಗೋಗರೆದಳು. ಅವಳ ಲೆಕ್ಕವೇನೋ ಸರಿ, ಒಂದು ನಳಿಗೆಯಲ್ಲಿ, ಒಂದು ಕೊಳವೆಯಲ್ಲಿ ಇದ್ರೆ ಎರಡು ಒಟ್ಟಿಗೆ ಜಾರೋ ಪ್ರಶ್ನೆಯೇ ಇಲ್ಲ. ಆದರೂ ಆಗಲ್ಲ ಅಂದೆ. ಎರಡು ದಿನ ನನ್ನ ಜೊತೆ ಮಾತಿಲ್ಲ, ಕಥೆಯಿಲ್ಲ. ಅವಳಮ್ಮ ನಡುವೆ ಸಿಕ್ಕಿ ಇಬ್ಬರಿಗೂ ಬೈದಳು.

ಕೋವಿ ಡಬ್ಬದಲ್ಲಿ ಕೂತು ಕಂಪನಿಗೆ ವಾಪಸ್ ಹೋಯ್ತು, ಜೊತೆಗೆ ನನ್ನ ಪುಸ್ತಕದ ಪುಟದ ಪ್ರತಿ. ಮೊದಲ ದಿನಕ್ಕೆ ಗೆಳೆಯರೊಬ್ಬರ ಹಳೇ ಪಂಪ್ ಕೋವಿ ಸಿಕ್ಕಿತು, ಪ್ರತಿ ಸಲ ಕೈಯಲ್ಲೇ ಎಳೆದು ತಳ್ಳೋದು. ಭುಜ ಕೆಂಪಾಯ್ತು ಅಂತ ಗೊಣಗಿದಳು, ಮಧ್ಯಾಹ್ನದ ಹೊತ್ತಿಗೆ ಒಂದು ಹುಂಜ ಹೊಡೆದಳು, ಗೊಣಗೋದು ನಿಲ್ತು. ರಾತ್ರಿ ಮೋಟೆಲಿನ ಪಾರ್ಕಿಂಗಿನಲ್ಲಿ ಕ್ಯಾಂಪ್ ಒಲೆ ಹಚ್ಚಿ, ಊರಿಂದ ತಂದ ಕಾಚಂಪುಳಿ ಹಾಕಿ ಸಾರು ಮಾಡಿದ್ವಿ. ಕೋಳಿಗಿಂತ ಸ್ವಲ್ಪ ಗಟ್ಟಿ ಮಾಂಸ, ಜಾಸ್ತಿ ಬೇಯಿಸಬೇಕು.

ನವೆಂಬರ್ ಮೊದಲ ವಾರ ಕೋವಿ ಬಂತು, ಕೊಕ್ಕೆ ಬದಲಾಯಿಸಿದ್ದೇವೆ ಅಂತ ಒಂದು ಸಾಲಿನ ಚೀಟಿ, ಕ್ಷಮೆ ಗಿಮೆ ಏನಿಲ್ಲ. ಇಲ್ಲಿಯ ತನಕ ನಾಲ್ಕು ಡಬ್ಬ ಹೊಡೆದಿದ್ದಾಳೆ, ಸೊನ್ನೆ. ಇನ್ನೆರಡು ಡಬ್ಬ ಹೀಗೇ ಹೋದ್ರೆ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅದನ್ನೇ ತಗೊಂಡು ಹೋಗೋದು ಅಂತ ಒಪ್ಪಂದ ಆಗಿದೆ. ಪುಸ್ತಕದಲ್ಲಿ ಈಗ ಅವಳೇ ಬರೀತಾಳೆ, ನಾನು ಬರೀ ಎಣಿಸ್ತೀನಿ.