ಐದು ತಂತಿಗಳ ಊರು

ಇಬ್ರಾಹಿಂಪಟ್ನಂನ ರಿಂಗ್ ಸೆಂಟರಿನಲ್ಲಿ ಬಸ್ಸಿಳಿದು ‘ಫೆರಿ’ ಎಂದರೆ ಸಾಕು, ಆಟೊದವರು ಮುಂದೇನೂ ಕೇಳುವುದಿಲ್ಲ. ವಿಜಯವಾಡದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಊರು ಇದು. ಒಂದು ಕಡೆ ವಿಟಿಪಿಎಸ್ ಎಂದು ಎಲ್ಲರ ಬಾಯಲ್ಲೂ ನಿಂತಿರುವ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು, ಇನ್ನೊಂದು ಕಡೆ ಕೃಷ್ಣಾ ನದಿ. ಘಾಟಿನ ಮೆಟ್ಟಿಲಿಳಿದು ನಿಂತೆ. ಎದುರಿಗಿದ್ದ ನೀರಿನಲ್ಲಿ ಎರಡು ನದಿಗಳಿದ್ದವು. ಒಂದು, ಮಹಾಬಲೇಶ್ವರದಲ್ಲಿ ಹುಟ್ಟಿ ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ಹಾದು, ರಾಯಚೂರು ಸೀಮೆಯನ್ನು ಬಳಸಿ ಬಂದ ಕೃಷ್ಣೆ. ಇನ್ನೊಂದು, ಪಟ್ಟಿಸೀಮೆಯಲ್ಲಿ ಪಂಪುಗಳು ಮೇಲೆತ್ತಿ ಪೋಲವರಂ ಬಲದಂಡೆ ಕಾಲುವೆಗೆ ಬಿಟ್ಟ ಗೋದಾವರಿ. ಬೇರೆ ಬೇರೆ ಕಡೆ ಕಡಲು ಸೇರಬೇಕಿದ್ದ ಎರಡು ನದಿಗಳನ್ನು 2015ರಿಂದ ಮನುಷ್ಯರು ಯಂತ್ರ ಹೂಡಿ ಇಲ್ಲಿ ಕೂಡಿಸುತ್ತಿದ್ದಾರೆ. ಪವಿತ್ರ ಸಂಗಮಂ ಎಂದು ಹೆಸರಿಟ್ಟಿದ್ದಾರೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಬೊಗಸೆಯಲ್ಲಿ ಅರ್ಘ್ಯ ಬಿಡುತ್ತಿದ್ದ ಹೆಂಗಸೊಬ್ಬರಿಗೆ ಈ ಪಂಪು, ಕಾಲುವೆಗಳ ಲೆಕ್ಕ ಬೇಕಿರಲಿಲ್ಲ. ನನಗೆ ಮಾತ್ರ ಅದೇ ದೊಡ್ಡ ಬೆರಗು.

ಅವತ್ತು 2025ರ ಜುಲೈ 5. ಸರಿಯಾಗಿ ಐವತ್ತು ವರ್ಷ ಹಿಂದೆ, 1975ರ ಇದೇ ದಿನ, ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ಸೌತಾಂಪ್ಟನ್ ಕಾಲೇಜಿನಲ್ಲಿ ಐವರು ಕುಳಿತು ನುಡಿಸಿದ್ದರು. ಗಿಟಾರಿನಲ್ಲಿ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನಲ್ಲಿ ಎಲ್. ಶಂಕರ್, ತಬಲದಲ್ಲಿ ಜಾಕಿರ್ ಹುಸೇನ್, ಮೃದಂಗದಲ್ಲಿ ಆರ್. ರಾಘವನ್, ಘಟದಲ್ಲಿ ವಿಕ್ಕು ವಿನಾಯಕರಾಮ್. ಅಲ್ಲಿ ಅಚ್ಚಾದದ್ದೇ ‘ಶಕ್ತಿ’ ತಂಡದ ಮೊದಲ ಎಲ್‌ಪಿ. ಅಂಗಡಿಗೆ ಬಂದದ್ದು 1976ರಲ್ಲಿ. ಜಾಝ್ ಮತ್ತು ರಾಕ್ ಲೋಕದಲ್ಲಿ ಇಂಥ ದಿನಗಳನ್ನು ಹಬ್ಬದಂತೆ ಆಚರಿಸುತ್ತಾರೆ. ಆಗಸ್ಟ್ 17 ಬಂದರೆ ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ ‘ಕೈಂಡ್ ಆಫ್ ಬ್ಲೂ’, ಮಾರ್ಚ್ 1 ಬಂದರೆ ಪಿಂಕ್ ಫ್ಲಾಯ್ಡ್ 1973ರಲ್ಲಿ ಬಿಟ್ಟ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಹಳೆಯ ರೆಕಾರ್ಡು ಹೊಸ ಹೊದಿಕೆಯಲ್ಲಿ ಬರುತ್ತದೆ, ಕೇಳುವವರು ಮತ್ತೆ ಮೊದಲಿನಿಂದ ಕೇಳುತ್ತಾರೆ. ನನಗೂ ಆ ಗೀಳು ಇದೆ. ಆದರೆ ರೆಕಾರ್ಡು ಬಿಡುಗಡೆಯಾದ ಪಟ್ಟಣಕ್ಕಿಂತ, ಅದರೊಳಗಿನ ನಾದ ಎಲ್ಲಿಂದ ಹೊರಟಿತೋ ಆ ಊರು ನನ್ನನ್ನು ಹೆಚ್ಚು ಸೆಳೆಯುತ್ತದೆ.

ಮೊದಲ ಎಲ್‌ಪಿಗೆ ನುಡಿಸಿದ ಐವರಲ್ಲಿ ಈ ಸೀಮೆಯವರು ಯಾರೂ ಇರಲಿಲ್ಲ, ನಿಜ. ಆದರೆ ಎರಡು ದಶಕ ಕಳೆದು ಆ ತಂಡ ‘ರಿಮೆಂಬರ್ ಶಕ್ತಿ’ಯಾಗಿ ಮತ್ತೆ ಕೂಡಿದಾಗ ಮೆಕ್‌ಲಾಫ್ಲಿನ್ನರ ಮಗ್ಗುಲಲ್ಲಿ ಪುಟ್ಟ ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಕುಳಿತದ್ದು ಗೋದಾವರಿ ಸೀಮೆಯ ಪಾಲಕೊಲ್ಲಿನ ಯು. ಶ್ರೀನಿವಾಸ್. 2001ರ ‘ಸ್ಯಾಟರ್‌ಡೇ ನೈಟ್ ಇನ್ ಬಾಂಬೆ’ ಕೇಳಿದವರಿಗೆ ಅವರ ಮೀಟು ಮರೆಯುವಂಥದ್ದಲ್ಲ. ಅವರು ಮೈಕೆಲ್ ಬ್ರೂಕ್ ಜೊತೆ ಮಾಡಿದ ‘ಡ್ರೀಮ್’ ಬಂದದ್ದು 1995ರಲ್ಲಿ. ಅದಕ್ಕೆ 2025ರಲ್ಲಿ ಮೂವತ್ತು. ಒಂದರ ಮುದ್ರಣಕ್ಕೆ ಐವತ್ತು, ಇನ್ನೊಂದಕ್ಕೆ ಮೂವತ್ತು ತುಂಬುವ ವರ್ಷವದು. ಕೃಷ್ಣೆಯಿಂದ ಗೋದಾವರಿಯವರೆಗೆ ಹೋಗಿಬರಲೇಬೇಕು ಎಂದು ಮನಸ್ಸು ಹಟ ಹಿಡಿದಿತ್ತು.

ವಿಜಯವಾಡಕ್ಕೆ ಮರಳಿದಾಗ ಇಂದ್ರಕೀಲಾದ್ರಿಯ ಬುಡದಲ್ಲಿ ಜನವೋ ಜನ. ಆಷಾಢದಲ್ಲಿ ಕನಕದುರ್ಗಮ್ಮನಿಗೆ ಸಾರೆ ಒಪ್ಪಿಸುವ ವಾಡಿಕೆ. ಸೀರೆ, ಅರಿಸಿನ-ಕುಂಕುಮ, ಹಣ್ಣುಗಳ ತಟ್ಟೆ ಹೊತ್ತ ಹೆಂಗಸರು ಸಾಲುಗಟ್ಟಿ ಬೆಟ್ಟ ಹತ್ತುತ್ತಿದ್ದರು. ಮರುದಿನ, ಜುಲೈ 6, ಗಾಯಕ ಬಾಲಮುರಳಿಕೃಷ್ಣರ ಜನ್ಮದಿನ. ಈ ಊರಿನ ಆಕಾಶವಾಣಿಯಲ್ಲಿ ಅವರು ಕಟ್ಟಿ ನಿಲ್ಲಿಸಿದ ‘ಭಕ್ತಿರಂಜನಿ’ ಕಾರ್ಯಕ್ರಮವನ್ನು ಇಲ್ಲಿನ ಹಿರಿಯರು ಇವತ್ತಿಗೂ ಬೆಳಗಿನ ಕಾಫಿಯ ಜೊತೆಗೇ ನೆನೆಯುತ್ತಾರೆ.

ಗವರ್ನರ್‌ಪೇಟೆಯ ವಾದ್ಯದಂಗಡಿಯೊಂದರಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮ್ಯಾಂಡೊಲಿನ್ ತೋರಿಸಿ ಎಂದಾಗ ಅಂಗಡಿಯ ಯಜಮಾನರು ಗಾಜಿನ ಬೀರುವಿನಿಂದ ಒಂದನ್ನು ತೆಗೆದು ಧೂಳೊರೆಸಿ ಮೇಜಿನ ಮೇಲಿಟ್ಟರು. ನಾಲ್ಕು ಜೋಡಿ, ಒಟ್ಟು ಎಂಟು ತಂತಿ. ಒಂದು ಜೋಡಿಯನ್ನು ಮೀಟಿದರು. ಟಣ್ ಎಂದು ಮಿಂಚಿ, ಇನ್ನೂ ಕಿವಿಗೆ ಬೀಳುವಷ್ಟರಲ್ಲಿ ನಾದ ಸತ್ತೇಹೋಯಿತು. ಆಮೇಲೆ ಎಡಗೈ ಬೆರಳಿನಿಂದ ಆ ಜೋಡಿಯನ್ನು ಒತ್ತಿ ಪಕ್ಕಕ್ಕೆಳೆದರು, ಗಮಕ ತರಲು. ಎರಡು ತಂತಿಗಳಲ್ಲಿ ಒಂದು ಹೆಚ್ಚು ಬಾಗಿತು, ಒಂದು ಕಡಿಮೆ. ಸ್ವರ ಬಿರುಕು ಬಿಟ್ಟಿತು. “ನೋಡಿ ಸಾರ್, ಕಷ್ಟ ಇರುವುದು ಇಲ್ಲೇ” ಎಂದು ಜೋಡಿಯಲ್ಲೊಂದನ್ನು ಸಡಿಲಿಸಿ ಬಿಚ್ಚಿದರು. ಉಳಿದ ಒಂಟಿ ತಂತಿಯನ್ನು ಒತ್ತಿ ಎಳೆದಾಗ ಸ್ವರ ರಿಷಭದಿಂದ ಗಾಂಧಾರಕ್ಕೆ ನುಣ್ಣಗೆ ಏರಿತು. ಬಳಿಕ ಒಳಕೋಣೆಯಿಂದ ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ತಂದು ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿ ಅದೇ ಸ್ವರ ಮೀಟಿದರು. ನಾದ ನಿಂತಿತು. ಬೆರಳು ತಂತಿಯ ಮೇಲೆ ಓಲಾಡಿದಷ್ಟು ಹೊತ್ತೂ ಅದು ಬದುಕಿತ್ತು. ಮೈ ಜುಮ್ಮೆಂದಿತು. ಪಾಲಕೊಲ್ಲಿನ ಹುಡುಗ ಕಂಡುಕೊಂಡದ್ದು ಇದನ್ನೇ: ಜೋಡಿ ತಂತಿ ಬಿಟ್ಟು ಒಂಟಿ ತಂತಿ, ನಾಲ್ಕರ ಬದಲು ಐದು, ಜೊತೆಗೆ ವಿದ್ಯುತ್ತು.

ಗುಡಿವಾಡದ ಕಡೆಗೆ ರೈಲು ಹೊರಟಿತೆಂದರೆ ಕೃಷ್ಣಾ ಡೆಲ್ಟಾದ ನಡುವೆ ಬಿದ್ದಂತೆ. ಕಾಲುವೆ, ಗದ್ದೆ, ತಾಳೆಮರ, ಮತ್ತೆ ಕಾಲುವೆ. ಗಾಯಕ ಘಂಟಸಾಲ ಹುಟ್ಟಿದ ಚೌಟಪಲ್ಲಿ ಈ ಗುಡಿವಾಡದ ಸುತ್ತಲಿನ ಹಳ್ಳಿಗಳಲ್ಲೊಂದು. 1978ರಲ್ಲಿ ಗುಡಿವಾಡದ ತ್ಯಾಗರಾಜ ಆರಾಧನೆಯಲ್ಲಿ ಒಂಬತ್ತು ವರ್ಷದ ಶ್ರೀನಿವಾಸ್ ಮೊದಲ ಕಛೇರಿ ಕೊಟ್ಟದ್ದು. ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರಿಗೆ ನನ್ನ ಹರಕುಮುರುಕು ತೆಲುಗಿನಲ್ಲಿ ಬಂದ ಕಾರಣ ಹೇಳಿದೆ. “ಮ್ಯಾಂಡೊಲಿನ್ ಶ್ರೀನಿವಾಸ್ ಗಾರಾ?” ಎಂದು ಮುಖವರಳಿಸಿ ಲೋಟ ಕೆಳಗಿಟ್ಟರು. “ವಾದ್ಯ ಅವರಿಗಿಂತ ದೊಡ್ಡದಾಗಿ ಕಾಣುತ್ತಿತ್ತು ಎನ್ನುತ್ತಿದ್ದರು ನಮ್ಮ ಮನೆಯಲ್ಲಿ. ಆದರೆ ಕಣ್ಣು ಮುಚ್ಚಿಕೊಂಡರೆ ಯಾರೋ ಹಾಡುತ್ತಿರುವ ಹಾಗೆ!”

ಹಾಡುತ್ತಿರುವ ಹಾಗೆ ಕೇಳಿಸಿದ್ದಕ್ಕೆ ಕಾರಣವಿದೆ. ಶ್ರೀನಿವಾಸರ ಗುರು ರುದ್ರರಾಜು ಸುಬ್ಬರಾಜು, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಅವರಿಗೆ ಮ್ಯಾಂಡೊಲಿನ್ ಬರುತ್ತಿರಲಿಲ್ಲ. ಗುರು ಹಾಡುವುದು, ಹುಡುಗ ಅದನ್ನು ತಂತಿಯ ಮೇಲೆ ತರುವುದು, ಪಾಠವೆಂದರೆ ಅಷ್ಟೆ. ಮ್ಯಾಂಡೊಲಿನ್ನಿಗೆ ಏನು ಸುಲಭ ಎಂದು ಹೇಳಿಕೊಡುವವರೇ ಇರಲಿಲ್ಲವಾದ್ದರಿಂದ ಕೊರಳಿಗೆ ಏನು ಸಾಧ್ಯವೋ ಅದೆಲ್ಲವನ್ನೂ ಆತ ತಂತಿಯಿಂದ ಕೇಳಿ ಪಡೆದ. ನನ್ನ ಮಟ್ಟಿಗೆ ಇಡೀ ಕಥೆಯ ಜೀವಾಳ ಇರುವುದು ಇಲ್ಲಿ.

ಕೈಕಲೂರು ದಾಟಿದ ಮೇಲೆ ಕೊಲ್ಲೇರು ಸರೋವರದ ಬಯಲು. ಕಣ್ಣು ಹಾಯುವಷ್ಟು ದೂರ ಮೀನಿನ ಹೊಂಡಗಳು. ಭೀಮಾವರದಲ್ಲಿ ರೈಲು ಬದಲಿಸಿದರೆ ನರಸಾಪುರದ ಹಾದಿಯಲ್ಲಿ ಪಾಲಕೊಲ್ಲು. ಪಂಚಾರಾಮ ಶಿವಾಲಯಗಳಲ್ಲೊಂದಾದ ಕ್ಷೀರಾರಾಮದ ಎತ್ತರದ ಗೋಪುರ ದೂರದಿಂದಲೇ ಕರೆಯುತ್ತದೆ. ಇಂಥ ಊರಲ್ಲಿ 1969ರ ಫೆಬ್ರವರಿ 28ರಂದು ಹುಟ್ಟಿದ ಹುಡುಗ, ಹದಿನಾಲ್ಕು ತುಂಬಿದ ವರ್ಷವೇ, 1983ರಲ್ಲಿ, ಬರ್ಲಿನ್ ಜಾಝ್ ಉತ್ಸವದ ವೇದಿಕೆ ಏರಿದ್ದ.

ಆ 1983 ಕನ್ನಡದ ಕಿವಿಗಳಿಗೂ ದೊಡ್ಡ ವರ್ಷ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆ ಫೆಬ್ರವರಿಯಲ್ಲಿ ಜರ್ಮನಿಯ ಲುಡ್‌ವಿಗ್ಸ್‌ಬರ್ಗಿನ ಸ್ಟುಡಿಯೊದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ಯನ್ನು ಮುದ್ರಿಸಿತು. ಇಸಿಎಂ ಕಂಪನಿ ಹೊರತಂದ ಆ ಎಲ್‌ಪಿಯಲ್ಲಿ ಆರ್.ಎ. ರಮಾಮಣಿಯವರ ಕೊರಳು ಎತ್ತ ಹೊರಳಿದರೆ ಮರಿಯಾನೊ ಅತ್ತ ಹೊರಳುತ್ತಾರೆ. ಅಲ್ಲಿಯೂ ವಾದ್ಯ ಕೊರಳಿನ ಬೆನ್ನು ಹತ್ತಿದೆ. ಸ್ಯಾಕ್ಸೊಫೋನಿನ ಕೀಲಿಗಳನ್ನೇ ತಿದ್ದಿ ಗಮಕಕ್ಕೆ ಒಗ್ಗಿಸಿಕೊಂಡ ನಮ್ಮ ಕದ್ರಿ ಗೋಪಾಲನಾಥರ ಹಟವೂ ಇದೇ ಜಾತಿಯದು. ಅವರು ಕನ್ನಡ ಮೂಲದ ಕುಟುಂಬದ ಅಮೆರಿಕನ್ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಜೊತೆ ಮಾಡಿದ ‘ಕಿನ್ಸ್‌ಮೆನ್’ 2008ರದು. ಅದಕ್ಕೆ ಇಪ್ಪತ್ತು ತುಂಬುವ 2028ರಲ್ಲೇ ಕೃಷ್ಣೆಗೆ ಮುಂದಿನ ಪುಷ್ಕರ ಹಬ್ಬ. ಆ ವರ್ಷದ ನನ್ನ ಪ್ರಯಾಣ ಈಗಲೇ ಗೊತ್ತಾದಂತಾಯಿತು.

ಪಾಲಕೊಲ್ಲಿನ ಲಾಡ್ಜಿನ ಕೋಣೆಯಲ್ಲಿ ‘ಡ್ರೀಮ್’ ಹಾಕಿಕೊಂಡೆ. ಪೀಟರ್ ಗೇಬ್ರಿಯಲ್ಲರ ರಿಯಲ್ ವರ್ಲ್ಡ್ ಸಂಸ್ಥೆಯ ಆಲ್ಬಮ್ ಅದು. ಮೈಕೆಲ್ ಬ್ರೂಕ್ ಕೆನಡಾದವರು. ಅವರ ಹೆಸರು ನಿಂತಿರುವುದು ‘ಇನ್‌ಫಿನಿಟ್ ಗಿಟಾರ್’ ಮೇಲೆ. ಮಾಮೂಲಿ ಗಿಟಾರಿನ ತಂತಿ ಮೀಟಿದ ಕ್ಷಣದಿಂದಲೇ ನಾದ ಕುಗ್ಗತೊಡಗುತ್ತದೆ. ಬ್ರೂಕ್ ಮಾಡಿದ ಸರ್ಕ್ಯೂಟು ತಂತಿಯ ಕಂಪನವನ್ನು ಹಿಡಿದು ಅದನ್ನೇ ಬಲಪಡಿಸಿ ಮರಳಿ ತಂತಿಗೆ ಉಣಿಸುತ್ತದೆ. ಬೇಕಾದಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಯು2 ತಂಡದ ಎಡ್ಜ್ 1987ರ ‘ದ ಜೋಶುವಾ ಟ್ರೀ’ ಆಲ್ಬಮಿನ ‘ವಿತ್ ಆರ್ ವಿದೌಟ್ ಯೂ’ ಹಾಡಿಗೆ ಈ ಗಿಟಾರನ್ನೇ ನುಡಿಸಿದ್ದು. ರಾಕ್ ಸಂಗೀತ ಕೇಳುವವರೆಲ್ಲ ಆ ಉದ್ದನೆಯ, ಕೊನೆಯೇ ಇಲ್ಲದಂಥ ಸ್ವರವನ್ನು ಬಲ್ಲರು.

ಇಷ್ಟೆಲ್ಲ ಒಟ್ಟಿಗೆ ಹೊಳೆದಾಗ ನಾನು ಎದ್ದು ಕುಳಿತೆ. ಟೊರಾಂಟೊದಲ್ಲಿ ಒಬ್ಬರು, ಪಾಲಕೊಲ್ಲಿನಲ್ಲಿ ಒಬ್ಬರು, ಇಬ್ಬರಿಗೂ ಒಂದೇ ಹಸಿವು: ಮೀಟಿದ ನಾದ ಸಾಯಬಾರದು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತ ಮೆಕ್‌ಲಾಫ್ಲಿನ್ನರಿಗೂ ಅದೇ ಹಸಿವು. ‘ಶಕ್ತಿ’ಯ ದಿನಗಳಲ್ಲಿ ಅವರು ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನು ತೋಡಿಸಿ ತಂತಿಯನ್ನು ವೀಣೆಯ ತಂತಿಯಂತೆ ಒತ್ತಿ ಜಗ್ಗಲು ಅನುವು ಮಾಡಿಕೊಂಡರು, ಅಡ್ಡಲಾಗಿ ಏಳು ಅನುರಣನ ತಂತಿಗಳನ್ನು ಕಟ್ಟಿಸಿದರು. ಈ ಹಸಿವೇ ಅವರನ್ನು ಒಂದು ಕಡೆ ಸೇರಿಸಿತು ಎಂದು ನಾನು ನಂಬುತ್ತೇನೆ. ಪೂರ್ವ-ಪಶ್ಚಿಮಗಳ ಮಿಲನ ಎಂಬ ಸವೆದ ಮಾತಿನಿಂದ ಆ ರೆಕಾರ್ಡುಗಳನ್ನು ಹೊಗಳುವವರು ಇದನ್ನು ಕೇಳಿಸಿಕೊಂಡೇ ಇಲ್ಲವೇನೋ. ಶ್ರೀನಿವಾಸ್ 2014ರ ಸೆಪ್ಟೆಂಬರಿನಲ್ಲಿ ನಲವತ್ತೈದಕ್ಕೇ ಹೋಗಿಬಿಟ್ಟರು. ಜಾಕಿರ್ 2024ರ ಡಿಸೆಂಬರಿನಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರದಲ್ಲಿ ಶ್ರೀನಿವಾಸರ ಕಛೇರಿಗೆ ಜನ ರಸ್ತೆಯವರೆಗೆ ನಿಲ್ಲುತ್ತಿದ್ದುದನ್ನು ಕಂಡವನಿಗೆ ಈ ನಷ್ಟ ಇನ್ನೂ ಹಸಿಯಾಗಿಯೇ ಇದೆ.

ಬೆಳಿಗ್ಗೆ ಲೆಕ್ಕ ತೀರಿಸುವಾಗ ಲಾಡ್ಜಿನ ಹುಡುಗ, “ರಾತ್ರಿ ನಿಮ್ಮ ರೂಮಿನಿಂದ ಬರುತ್ತಿದ್ದದ್ದು ಯಾವ ಸಿನಿಮಾದ್ದು ಸಾರ್?” ಎಂದ. ಸಿನಿಮಾದ್ದಲ್ಲಪ್ಪ, ನಿಮ್ಮೂರಿನವರದ್ದೇ ಎಂದೆ. ಅವನು ನಂಬಲಿಲ್ಲ. ಮೊಬೈಲ್ ತೆಗೆದು ಹೆಸರು ಬರೆದುಕೊಳ್ಳುತ್ತ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ. ಮೊದಲು 1994ರ ‘ರಾಮ ಶ್ರೀರಾಮ’ ಕೇಳು, ಅದು ಅಪ್ಪಟ ಕರ್ನಾಟಕ ಸಂಗೀತ. ಅದು ಕಿವಿಗೆ ಹತ್ತಿದ ಮೇಲೆ ‘ಡ್ರೀಮ್’, ಆಮೇಲೆ ಬಾಂಬೆಯ ಆ ಶನಿವಾರ ರಾತ್ರಿಯದು, ಕಡೆಗೆ 1976ರ ‘ಶಕ್ತಿ’ ಎಂದೆ. ಹಿಂದುಮುಂದಾಯಿತಲ್ಲ ಸಾರ್, ಹಳೆಯದು ಕೊನೆಗಾ ಎಂದ. ಹೌದು, ಹಾಗೇ ಕೇಳು, ಮುಂದಿನ ವರ್ಷ ಅದಕ್ಕೆ ಐವತ್ತಾಗುವಷ್ಟರಲ್ಲಿ ನೀನು ಅದರ ಹತ್ತಿರ ಬಂದಿರುತ್ತೀಯ ಎಂದು ಹೇಳಿ ನರಸಾಪುರದ ಬಸ್ಸು ಹಿಡಿದೆ.